ಹಿರಿಯಡಕದ ಜಗಲಿಯಲ್ಲಿ ಒಂದು ಏರ್‌ಗನ್, ಎರಡು ಕ್ಯಾಮೆರಾ ಹೆಲ್ಮೆಟ್

ಭಾವನ ಕನ್ನಡಕದ ಎಡಗಾಜು ಬಿರುಕು ಬಿಟ್ಟ ಸಂಜೆಯೇ ಇದನ್ನು ಬರೆಯಬೇಕೆಂದುಕೊಂಡೆ. ಪಂಪ್‌ಶೆಡ್ಡಿನ ಕಬ್ಬಿಣದ ಬಾಗಿಲಿಗೆ ಕಾಗದ ಅಂಟಿಸಿ ಏರ್‌ಗನ್ನಿನಿಂದ ಗುರಿ ಹಿಡಿದಿದ್ದರು. ಬಾಗಿಲಿಗೆ ಬಡಿದ ಸೀಸದ ಗುಂಡು ಚಪ್ಪಟೆಯಾಗಿ ಹಿಂದಕ್ಕೆ ಚಿಮ್ಮಿ ನೇರ ಅವರ ಮುಖಕ್ಕೇ ಬಂತು. ಕಣ್ಣು ಉಳಿಯಿತು, ಗಾಜು ಹೋಯಿತು. ಅದೇ ವಾರ ಮಗಳು ದುಬೈಯಿಂದ ರಜೆಗೆ ಬಂದಳು, ಚೀಲದಲ್ಲಿ ವಿಮಾನದಿಂದ ಜಿಗಿಯುವಾಗ ತೊಡುವ ಎರಡು ಹೆಲ್ಮೆಟ್‌ಗಳಿದ್ದವು. ಹದಿನೈದು ದಿನ ಈ ಮೂರೂ ವಸ್ತುಗಳು ನಮ್ಮ ಜಗಲಿಯಲ್ಲಿದ್ದವು. ನಾನು ಇಪ್ಪತ್ತೆಂಟು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಅಳೆಯದೆ ಮಾತನಾಡುವುದು ನನಗೆ ಒಗ್ಗುವುದಿಲ್ಲ, ಹಾಗಾಗಿ ಮೂರನ್ನೂ ಅಳೆದೆ.

ಮೊದಲು ಏರ್‌ಗನ್. ಅದನ್ನು ಕೊಂಡದ್ದು ಮಂಗಗಳ ಕಾಟಕ್ಕೆ. ಅಡಿಕೆ ತೋಟದ ನಡುವೆ ನಮಗೆ ಅರುವತ್ತು ತೆಂಗಿನ ಮರಗಳಿವೆ. ಬೇಸಗೆಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಹಿಂಡು ಬಂದರೆ ಬೊಂಡಗಳನ್ನು ಕೊರೆದು, ಅರ್ಧ ಕುಡಿದು, ಕೆಳಗೆ ಎಸೆದು ಹೋಗುತ್ತದೆ. ಗರ್ನಾಲು ಹೊಡೆದರೆ ಎರಡು ದಿನ ಹೆದರುತ್ತವೆ, ಮೂರನೆಯ ದಿನ ಸದ್ದು ಕೇಳಿದರೂ ಕುಳಿತಲ್ಲಿಂದ ಕದಲುವುದಿಲ್ಲ. ಭಾವ ಮಂಗಳೂರಿಗೆ ಹೋಗಿ 13,000 ರೂಪಾಯಿ ಕೊಟ್ಟು ಇದನ್ನು ತಂದರು. ಅಂಗಡಿಯಲ್ಲಿ ಆಧಾರ್ ಪ್ರತಿ ಪಡೆದು ಪುಸ್ತಕದಲ್ಲಿ ಹೆಸರು ಬರೆದುಕೊಂಡರಂತೆ. ಹಿಡಿಯುವುದು ಹೇಗೆ, ಗುರಿಯ ಹಿಂದೆ ಏನಿರಬೇಕು ಎಂದು ಒಂದು ಮಾತನ್ನೂ ಹೇಳಲಿಲ್ಲ. ಅಂಗಡಿಯ ಹೆಸರನ್ನಾಗಲಿ ತಯಾರಕರ ಹೆಸರನ್ನಾಗಲಿ ಬರೆಯುವುದಿಲ್ಲ; ನಾನು ಹೇಳುವ ಹೆಚ್ಚಿನ ಮಾತು ಈ ಬಗೆಯ ಎಲ್ಲ ರೈಫಲ್‌ಗಳಿಗೂ ಹೊಂದುತ್ತದೆ.

ಇದು ನಳಿಗೆಯನ್ನು ಕೆಳಕ್ಕೆ ಬಾಗಿಸಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್. ನಳಿಗೆ ಬಾಗಿದಾಗ ಒಳಗಿನ ಸ್ಪ್ರಿಂಗ್ ಹಿಂದೆ ಸರಿದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ, ಆ ಗಾಳಿ ಗುಂಡನ್ನು ತಳ್ಳುತ್ತದೆ. ಸರಳ, ಗಟ್ಟಿ, ದುರಸ್ತಿಗೆ ಸುಲಭ. ತೂಕ ಮೂರು ಕಿಲೋ. ಮರದ ಹಿಡಿಯ ಕೆಲಸ ಅಚ್ಚುಕಟ್ಟಾಗಿದೆ, ಕೆನ್ನೆ ತಾಗುವ ಜಾಗ ನುಣುಪಾಗಿದೆ. ಹತ್ತು ಮೀಟರಿನಿಂದ, ಮೇಜಿನ ಮೇಲೆ ಮರಳಿನ ಚೀಲವಿಟ್ಟು ಹೊಡೆದಾಗ, ಐದು ಗುಂಡುಗಳು ಐದು ರೂಪಾಯಿ ನಾಣ್ಯದೊಳಗೆ ಬಿದ್ದವು. ಈ ಬೆಲೆಗೆ ಅದು ಒಳ್ಳೆಯ ಫಲ. ಆದರೆ ಟ್ರಿಗರ್ ಒತ್ತದಂತೆ ತಡೆಯುವ ಸೇಫ್ಟಿ ತಾನಾಗಿ ಬೀಳುವುದಿಲ್ಲ, ನಾವೇ ನೆನಪಿಟ್ಟು ಹಾಕಬೇಕು. ನಳಿಗೆ ತೆರೆದಿರುವಾಗ ಬೆರಳು ತಪ್ಪಿ ಟ್ರಿಗರ್ ಒತ್ತಿದರೆ ನಳಿಗೆ ಮೇಲಕ್ಕೆ ಬಡಿಯುತ್ತದೆ, ಗುಂಡು ತುಂಬುತ್ತಿರುವ ಇನ್ನೊಂದು ಕೈಯ ಬೆರಳು ಅಲ್ಲೇ ಇರುತ್ತದೆ. ಅದಕ್ಕೇ ತುಂಬುವಾಗ ಒಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು. ಗುಂಡಿಲ್ಲದೆ ಖಾಲಿ ಹೊಡೆಯಲೂ ಬಾರದು. ಎದುರಿಗೆ ತಡೆಯಿಲ್ಲದ ಪಿಸ್ಟನ್ ಲೋಹಕ್ಕೆ ಅಪ್ಪಳಿಸಿ, ಗಾಳಿ ಸೋರದಂತೆ ತಡೆಯುವ ಸೀಲು ಹಾಳಾಗುತ್ತದೆ. ನಮ್ಮ ಮಳೆಗಾಲದ ಗಾಳಿಗೆ ನಳಿಗೆಯ ಹೊರಮೈ ವಾರದೊಳಗೆ ತುಕ್ಕು ಹಿಡಿಯಿತು. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ಹೊರಗಷ್ಟೇ ಒರೆಸಿ. ಒಳಗೆ ಎಣ್ಣೆ ಇಳಿದರೆ ಹಿಂಡಿದ ಬಿಸಿ ಗಾಳಿಗೆ ಅದೇ ಹೊತ್ತಿಕೊಂಡು ಗುಂಡಿನ ವೇಗ ಅಂಕೆ ಮೀರುತ್ತದೆ.

ವೇಗ ಅಳೆದದ್ದು ಹೀಗೆ. ಹತ್ತು ಮೀಟರ್ ದೂರದಲ್ಲಿ ಮರಳು ತುಂಬಿದ ಡಬ್ಬ, ಅದರ ಬಾಯಿಗೆ ತೆಳುವಾದ ತಗಡು. ರೈಫಲ್ಲಿನ ಪಕ್ಕ ಮೊಬೈಲ್ ಇಟ್ಟು ಸದ್ದು ಮುದ್ರಿಸಿಕೊಂಡೆ. ಹೊಡೆದ ಸದ್ದಿಗೂ ತಗಡಿನ ಸದ್ದಿಗೂ ನಡುವಿನ ಅಂತರ 75 ಮಿಲಿಸೆಕೆಂಡ್. ತಗಡಿನ ಸದ್ದು ಮೊಬೈಲಿನವರೆಗೆ ಮರಳಿ ಬರಲು 29 ಮಿಲಿಸೆಕೆಂಡ್ ಕಳೆದರೆ, ಗುಂಡು ಹಾರಿದ್ದು 46 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 217 ಮೀಟರ್. ಉಡುಪಿಯ ರಥಬೀದಿಯ ಹತ್ತಿರ ಚಿನ್ನದಂಗಡಿಯೊಂದರ ತಕ್ಕಡಿಯಲ್ಲಿ ಹತ್ತು ಗುಂಡು ತೂಗಿಸಿದೆ: ಐದು ಗ್ರಾಂ. ಲೆಕ್ಕ ಹಾಕಿದರೆ ಶಕ್ತಿ ಸುಮಾರು 12 ಜೂಲ್. ಒಂದು ಕಿಲೋ ಬೆಲ್ಲದ ಅಚ್ಚು ಎದೆಯ ಎತ್ತರದಿಂದ ಬೀಳುವಾಗಿನ ಶಕ್ತಿಯಷ್ಟೇ ಇದು. ಆದರೆ ಅಷ್ಟೂ ಶಕ್ತಿ ಒಂದು ಉದ್ದಿನ ಕಾಳಿನಗಲದ ಜಾಗದ ಮೇಲೆ ಬೀಳುತ್ತದೆ. ಕಣ್ಣನ್ನು ಕಳೆಯಲು ಅದರ ಸಣ್ಣದೊಂದು ಪಾಲು ಸಾಕು.

ನಮ್ಮ ದೇಶದ 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮೀರದ, 4.5 ಮಿಲಿಮೀಟರಿಗಿಂತ ಅಗಲವಿಲ್ಲದ ನಳಿಗೆಯ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ನಮ್ಮದು ಆ ಗೆರೆಯೊಳಗೆ ನೆಮ್ಮದಿಯಾಗಿ ಕುಳಿತಿದೆ. ಒಲಿಂಪಿಕ್ಸ್‌ನ ಹತ್ತು ಮೀಟರ್ ಸ್ಪರ್ಧೆಯ ರೈಫಲ್ಲುಗಳು ಗುಂಡನ್ನು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಬಿಡುತ್ತವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಬಗೆಯ ಸ್ಪರ್ಧೆಯಲ್ಲಿ. ಅಲ್ಲಿ ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ನಮ್ಮ ತೋಟದ ಕೋವಿ ಆ ಸ್ಪರ್ಧೆಯ ರೈಫಲ್ಲಿಗಿಂತ ಬಲಶಾಲಿ ಎಂಬುದು ತಿಳಿದಾಗ ನನಗೆ ಸ್ವಲ್ಪ ಭಯವೇ ಆಯಿತು. ಅಲ್ಲಿ ಗುರಿಯ ಹಿಂದೆ ಗುಂಡು ಹಿಡಿಯುವ ತಡೆ ಇರುತ್ತದೆ, ಪಕ್ಕದಲ್ಲಿ ನಿಯಂತ್ರಿಸುವವರು ಇರುತ್ತಾರೆ. ಇಲ್ಲಿ ಇದ್ದದ್ದು ಕಬ್ಬಿಣದ ಬಾಗಿಲು.

ಇನ್ನು ಮಂಗಗಳ ಮಾತು. ಇದನ್ನು ಓದುವ ತೋಟದವರು ದಯವಿಟ್ಟು ಗಮನವಿಟ್ಟು ಓದಬೇಕು. ನಮ್ಮ ಕಡೆಯ ಈ ಮಂಗ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅಲ್ಲಿಗೆ ಸೇರಿತು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಗಾಯ ಮಾಡುವುದೂ ಬೇಟೆಯೇ. ಮೊದಲನೆಯ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ ಸೆರೆ. ಕೋವಿಗೆ ಪರವಾನಗಿ ಬೇಡ ಎಂಬುದಕ್ಕೂ ಅದರಿಂದ ಮಂಗನಿಗೆ ಹೊಡೆಯಬಹುದು ಎಂಬುದಕ್ಕೂ ಸಂಬಂಧವೇ ಇಲ್ಲ. ನಮಗೆ ಇದು ತಿಳಿದದ್ದು ಕೊಂಡ ಮೇಲೆ. 12 ಜೂಲಿನ ಗುಂಡು ಮರದ ತುದಿಯ ಮಂಗವನ್ನು ಕೊಲ್ಲುವುದೂ ಇಲ್ಲ, ಒಳಗೆ ಉಳಿದು ಕೊಳೆಸುತ್ತದೆ. ಹೊಟ್ಟೆಗೆ ಮರಿ ಅಪ್ಪಿಕೊಂಡ ತಾಯಿ ಮಂಗವನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ತೋಟ ಕಾಯಲೆಂದು ಏರ್‌ಗನ್ ಕೊಳ್ಳಬೇಡಿ. ಕಾಗದದ ಗುರಿಗೆ ಹೊಡೆಯುವ ಆಸೆ ಇದ್ದರೆ ಕೊಳ್ಳಿ.

ಹೆಲ್ಮೆಟ್‌ಗಳಿಗೆ ಬರುತ್ತೇನೆ. ಮಗಳು ನಾಲ್ಕು ವರ್ಷಗಳಿಂದ ರಜಾದಿನಗಳಲ್ಲಿ ಜಿಗಿಯುತ್ತಾಳೆ, ಈಗ ಜೊತೆಗಾರರ ಜಿಗಿತಗಳನ್ನು ಚಿತ್ರೀಕರಿಸುತ್ತಾಳೆ. ಹಳೆಯದು ಮುಖ ತೆರೆದಿರುವ ಕಾರ್ಬನ್ ಚಿಪ್ಪು. ನೆತ್ತಿ ಚಪ್ಪಟೆಯಾಗಿದ್ದು, ಅದರ ಮೇಲೆ ಕ್ಯಾಮೆರಾ ಹುಂಜದ ಜುಟ್ಟಿನಂತೆ ನಿಲ್ಲುತ್ತದೆ. ಹೊಸದು ಕುಕಿ ಕಂಪನಿಯ ಜಿ4, ಇಡೀ ಮುಖ ಮುಚ್ಚುವಂಥದ್ದು, ಮುಂದೆ ಎತ್ತಿ ಇಳಿಸುವ ಪಾರದರ್ಶಕ ಮುಸುಕು. ಕ್ಯಾಮೆರಾ ಪಕ್ಕದಲ್ಲಿ, ಚಿಪ್ಪಿಗೆ ಒತ್ತಿಕೊಂಡಂತೆ ಕೂರುತ್ತದೆ. ಜಿ4 ಫ್ರಾನ್ಸಿನ ಎಕ್ಸ್‌ಪಿ ಎಸ್ 72-600 ಎಂಬ ಆಘಾತ ಪರೀಕ್ಷೆಯ ಮಾನದಂಡಕ್ಕೆ ಒಳಪಟ್ಟಿದೆ. ಹಳೆಯದಕ್ಕೆ ಯಾವ ಪರೀಕ್ಷೆಯ ಗುರುತೂ ಇಲ್ಲ. ಈ ಆಟದಲ್ಲಿ ಬಹುಕಾಲ ಹೆಲ್ಮೆಟ್ ಎಂದರೆ ತಲೆ ಕಾಯುವುದಕ್ಕಿಂತ ಕ್ಯಾಮೆರಾ ಹೊರುವ ಹಲಗೆಯೇ ಆಗಿತ್ತು ಎಂದು ಮಗಳು ಹೇಳಿದಳು. ರಸ್ತೆಯಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತೊಟ್ಟರೆ ಅವಳನ್ನೇ ನಾನು ಬೈಯುತ್ತಿದ್ದೆ.

ಆಕಾಶದಲ್ಲಿ ಕ್ಯಾಮೆರಾದ ದೊಡ್ಡ ಅಪಾಯ ಅದರ ಬೆಲೆಯಲ್ಲ, ಅದರ ಮೂಲೆಗಳು. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗ ಅದರ ತೆಳುವಾದ ಹಗ್ಗ ಕ್ಯಾಮೆರಾದ ಅಡಿಗೆ ಸಿಕ್ಕಿಕೊಂಡರೆ, ತೆರೆಯಬೇಕಾದದ್ದು ತೆರೆಯುವುದಿಲ್ಲ, ಕತ್ತು ಒಂದು ಕಡೆಗೆ ಎಳೆಯಲ್ಪಡುತ್ತದೆ. ಮಲ್ಪೆಯಿಂದ ಬಲೆಯ ನೈಲಾನ್ ದಾರ ತರಿಸಿ, ಎರಡೂ ಹೆಲ್ಮೆಟ್‌ಗಳಿಗೆ ಕ್ಯಾಮೆರಾ ಕಟ್ಟಿ, ಬೇರೆ ಬೇರೆ ಓರೆಗಳಿಂದ ಇಪ್ಪತ್ತು ಇಪ್ಪತ್ತು ಸಲ ಅವುಗಳ ಮೇಲೆ ಎಳೆದೆವು. ಹಳೆಯದರಲ್ಲಿ ಏಳು ಸಲ ಸಿಕ್ಕಿಕೊಂಡಿತು, ಜಿ4ರಲ್ಲಿ ಒಂದು ಸಲ, ಅದೂ ಸಡಿಲ ಮಾಡಿದ ಕೂಡಲೇ ಜಾರಿತು. ತೂಕದ ಲೆಕ್ಕವನ್ನೂ ಹೇಳುತ್ತೇನೆ: ಕ್ಯಾಮೆರಾ 150 ಗ್ರಾಂ, ಗಂಟೆಗೆ 190 ಕಿಲೋಮೀಟರಿನಿಂದ ಬೀಳುತ್ತಿದ್ದವರನ್ನು ಪ್ಯಾರಾಚೂಟ್ ಹಿಡಿದು ನಿಲ್ಲಿಸುವಾಗ ಎಲ್ಲದರ ಭಾರ ಮೂರು ನಾಲ್ಕು ಪಟ್ಟಾಗುತ್ತದೆ. ನೆತ್ತಿಯ ಮೇಲೆ ಎತ್ತರದಲ್ಲಿದ್ದ ಅರ್ಧ ಕಿಲೋ ಕತ್ತನ್ನು ತಿರುಚುವುದಕ್ಕೂ ಕಿವಿಯ ಮಟ್ಟದಲ್ಲಿದ್ದ ಅರ್ಧ ಕಿಲೋ ತಿರುಚುವುದಕ್ಕೂ ಬಹಳ ವ್ಯತ್ಯಾಸವಿದೆ.

ಆದರೂ ಹಳೆಯದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಅಂಶವಿದೆ. ಗಲ್ಲದ ಪಟ್ಟಿಯ ಪಕ್ಕ ಒಂದು ಕೆಂಪು ಎಳೆ ಇದೆ. ದಾರ ಸಿಕ್ಕಿಕೊಂಡರೆ ಅದನ್ನು ಎಳೆದರಾಯಿತು, ಹೆಲ್ಮೆಟ್ಟೇ ತಲೆಯಿಂದ ಕಳಚಿ ಹೋಗುತ್ತದೆ. ಹೆಲ್ಮೆಟ್ ಹೋಗಲಿ, ಕ್ಯಾಮೆರಾ ಹೋಗಲಿ, ಮನುಷ್ಯ ಉಳಿಯಲಿ ಎಂದು ಮೊದಲೇ ಯೋಚಿಸಿ ಹೊಲಿದ ಎಳೆ ಅದು. ಕಣ್ಣು ಮುಚ್ಚಿ, ದಪ್ಪ ಕೈಗವಸು ತೊಟ್ಟು ನಾನು ಎಳೆಯಲು ಮೂರು ಸಲ ತಡಕಾಡಿದೆ. ಮಗಳು ಒಂದೇ ಸಲಕ್ಕೆ ಎಳೆದಳು. ಹೊಸದರಲ್ಲಿ ಕ್ಯಾಮೆರಾ ಕೂರುವ ತಳವನ್ನೇ ಒಂದು ಎಳೆತಕ್ಕೆ ಕಳಚುವಂತೆ ಜೋಡಿಸಿಕೊಂಡಿದ್ದಾಳೆ. ಮೊದಲ ಬಾರಿ ಜಿಗಿಯುವವರನ್ನು ಚಿತ್ರೀಕರಿಸುವಾಗ ಮಾತ್ರ ತೆರೆದ ಮುಖವೇ ಒಳ್ಳೆಯದು ಎನ್ನುತ್ತಾಳೆ. ಹೆದರಿದವರಿಗೆ ಎದುರಿಗಿರುವವರ ನಗು ಕಾಣಬೇಕು. ಅದನ್ನು ಒಪ್ಪುತ್ತೇನೆ. ಆದರೂ ತಾಯಿಯಾಗಿ, ಲೆಕ್ಕ ಮಾಡಿದವಳಾಗಿ, ನನ್ನ ಮತ ಜಿ4ಕ್ಕೆ.

ಏರ್‌ಗನ್ನಿಗೆ ಪರವಾನಗಿ ಬೇಕೇ ಎಂಬ ಚರ್ಚೆ ಹುಟ್ಟಿದ್ದು ಮಗಳು ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕಲು ಎಷ್ಟು ಕಾದಳು ಎಂಬ ಮಾತಿನಿಂದ. ಅಮೆರಿಕದ ಪ್ಯಾರಾಚೂಟ್ ಸಂಘದ ಶಿಫಾರಸು 200 ಜಿಗಿತ. ಅದಕ್ಕೂ ಮೊದಲು ಹೆಲ್ಮೆಟ್ಟಿಗೆ ಕ್ಯಾಮೆರಾ ಬೇಡ. ಅಷ್ಟಾಗಲು ಅವಳಿಗೆ ಎರಡೂವರೆ ವರ್ಷ ಬೇಕಾಯಿತು.

“ಕ್ಯಾಮೆರಾ ಗಮನ ಕದಿಯುತ್ತದೆ ದೊಡ್ಡಪ್ಪ,” ಎಂದಳು. 1988ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ, 800ಕ್ಕೂ ಹೆಚ್ಚು ಸಲ ಜಿಗಿದಿದ್ದ ಚಿತ್ರಗ್ರಾಹಕನೊಬ್ಬ ಕ್ಯಾಮೆರಾ ಹೊತ್ತುಕೊಂಡು ಪ್ಯಾರಾಚೂಟನ್ನೇ ತೊಡದೆ ಜಿಗಿದುಬಿಟ್ಟ ಸಂಗತಿಯನ್ನೂ ಹೇಳಿದಳು. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವಳೇ ಕೇಳಿದಳು, “ನನಗೆ ಒಂದು ಕ್ಯಾಮೆರಾಗೆ ಇಷ್ಟು ಕಾಯಬೇಕಾಯಿತು. ನಿಮಗೆ ಇದಕ್ಕೆ ಆಧಾರ್ ಪ್ರತಿ ಮಾತ್ರ ಸಾಕಾಯಿತೇ?”

ಅವಳ ವಾದ ಎಲ್ಲ ಏರ್‌ಗನ್ನಿಗೂ ಪರವಾನಗಿ ಬೇಕು ಎಂಬುದು. ಸ್ಕಾಟ್ಲೆಂಡಿನಲ್ಲಿ ಹಾಗೇ ಆಗಿದೆ. 2005ರಲ್ಲಿ ಗ್ಲಾಸ್ಗೋದಲ್ಲಿ ಎರಡು ವರ್ಷದ ಮಗುವೊಂದು ಏರ್‌ಗನ್ನಿನ ಗುಂಡಿಗೆ ಬಲಿಯಾಯಿತು, ವರ್ಷಗಟ್ಟಲೆ ಹೋರಾಟ ನಡೆಯಿತು, 2016ರ ಡಿಸೆಂಬರ್ 31ರಿಂದ ಅಲ್ಲಿ ಪ್ರಮಾಣಪತ್ರ ಕಡ್ಡಾಯವಾಯಿತು. ಪಕ್ಕದ ಇಂಗ್ಲೆಂಡಿನಲ್ಲಿ ಇಂದಿಗೂ ಸುಮಾರು 16 ಜೂಲಿನವರೆಗಿನ ರೈಫಲ್ಲಿಗೆ ಬೇಕಿಲ್ಲ.

ಭಾವ ಒಪ್ಪಲಿಲ್ಲ. ಅವರ ಮಾತಿನಲ್ಲೂ ನೋವಿತ್ತು. ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಳ್ಳಲು ಅಲೆದ ಕೃಷಿಕರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. “ಇನ್ನೊಂದು ಕಾಗದ, ಇನ್ನೊಂದು ಸರದಿ. ಅದರಿಂದ ನನ್ನ ಕನ್ನಡಕ ಉಳಿಯುತ್ತಿತ್ತೇ?” ಎಂದರು.

ಉಳಿಯುತ್ತಿರಲಿಲ್ಲ. ಆ ಪ್ರಶ್ನೆಗೆ ಅವರ ಉತ್ತರ ಸರಿ. ಕಾಗದ ಕಬ್ಬಿಣದ ಬಾಗಿಲಿನ ಅಪಾಯವನ್ನು ಕಲಿಸುವುದಿಲ್ಲ. ಆದರೆ ಒಂದು ದಿನದ ತರಬೇತಿ ಕಲಿಸುತ್ತಿತ್ತು. ನನಗೆ ಬೇಕಾದದ್ದು ಅದು: ಮಾರುವ ಮೊದಲು ಒಂದು ದಿನ, ಯಾವುದಾದರೂ ಶೂಟಿಂಗ್ ಕ್ಲಬ್ಬಿನಲ್ಲಿ, ಗುರಿಯ ಹಿಂದೆ ಏನಿದೆ ಎಂದು ನೋಡುವ ಪಾಠ, ಅಲ್ಲಿಂದ ಒಂದು ಚೀಟಿ. ಆ ಚೀಟಿ ಇಲ್ಲದವರಿಗೆ ಅಂಗಡಿಯವರು ಕೊಡಬಾರದು. 2021ರ ಮಾರ್ಚಿನಲ್ಲಿ ಅರುಣಾಚಲ ಪ್ರದೇಶದಲ್ಲಿ ಹಕ್ಕಿ, ಪ್ರಾಣಿಗಳ ಬೇಟೆ ತಡೆಯಲು ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾದಾಗ ಜನ ತಾವಾಗಿಯೇ ಮುಂದೆ ಬಂದು ಕೊಟ್ಟರು. ತಿಳಿಸಿ ಹೇಳಿದರೆ ಜನ ಕೇಳುತ್ತಾರೆ. ಭಾವ ಇದಕ್ಕೆ ತಲೆಯಾಡಿಸಿದರು. ಮಗಳು ಸಾಲದು ಎಂದಳು. ಹೆಲ್ಮೆಟ್ಟಿಗೆ ಕೆಂಪು ಎಳೆ ಇದೆ, ಹೊರಟ ಗುಂಡನ್ನು ಎಳೆದುಕೊಳ್ಳಲು ಏನಿದೆ ಎಂಬುದು ಅವಳ ಪ್ರಶ್ನೆ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಈಗ ರೈಫಲ್ ಕಪಾಟಿನಲ್ಲಿದೆ, ಗುಂಡುಗಳ ಡಬ್ಬ ಬೇರೆ ಕೋಣೆಯಲ್ಲಿ, ಕೀಲಿ ನನ್ನ ಬಳಿ. ಗುರಿಗೆಂದು ಹಳೆಯ ಮರದ ಪೆಟ್ಟಿಗೆಗೆ ಮರಳು ತುಂಬಿ, ಹಿಂದೆ ಹಳೆಯ ಗೋಣಿಚೀಲಗಳನ್ನು ತುರುಕಿದ್ದೇವೆ, ಪೆಟ್ಟಿಗೆಯ ಹಿಂದೆ ಮಣ್ಣಿನ ದಿಬ್ಬವಿದೆ. ಭಾವ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಮಾಡಿಸಿಕೊಂಡಿದ್ದಾರೆ, ಭಾನುವಾರ ಸಂಜೆ ಅದನ್ನು ತೊಟ್ಟು ಹತ್ತು ಗುಂಡು ಮಾತ್ರ ಹೊಡೆಯುತ್ತಾರೆ. ಮಗಳು ಮರಳುವ ದಿನ ಹಳೆಯ ಹೆಲ್ಮೆಟ್ಟನ್ನು ಬಿಟ್ಟು ಹೋದಳು. ಕ್ಯಾಮೆರಾದ ತಳ ಕಿತ್ತು ಹಾಕಿದ್ದಾಳೆ, ಕೆಂಪು ಎಳೆಯನ್ನು ಮಾತ್ರ ಹಾಗೇ ಉಳಿಸಿದ್ದಾಳೆ.