ಎಲೆಕ್ಟ್ರೋಡ್ ತೊಳೆದುಕೊಡುವ ಸೇವೆ: ಕೆಲಸ ಚೊಕ್ಕ, ಪ್ಯಾಕಿಂಗ್ ಸಾಲದು

ನಮ್ಮ ಹೈವೋಲ್ಟೇಜ್ ನಿರ್ವಾತ ಉಪಕರಣದ ಸ್ಟೀಲ್ ಎಲೆಕ್ಟ್ರೋಡ್‌ಗಳನ್ನು ಎಲೆಕ್ಟ್ರೋಪಾಲಿಶ್ ಮಾಡಿ (ದ್ರಾವಣದಲ್ಲಿಟ್ಟು ಕರೆಂಟ್ ಹಾಯಿಸಿ ನುಣುಪಾಗಿಸಿ), ಅತಿಶುದ್ಧ ನೀರಿನ ಜೋರು ಧಾರೆಯಲ್ಲಿ ತೊಳೆದುಕೊಟ್ಟರು. ತೊಳೆತಕ್ಕೆ ಪೂರ್ತಿ ಅಂಕ. ಶುದ್ಧ, ನುಣುಪು ಲೋಹದಿಂದ ಬರೀ ವಿದ್ಯುತ್ ಸೆಳೆತಕ್ಕೆ ಎಲೆಕ್ಟ್ರಾನ್ ಹೊರಬರಲು ಪ್ರತಿ ಮೀಟರ್ ಅಂತರಕ್ಕೆ ನೂರಾರು ಕೋಟಿ ವೋಲ್ಟ್‌ನಷ್ಟು ಸೆಳೆತ ಬೇಕು. ಫೌಲರ್ ಮತ್ತು ನಾರ್ಡ್‌ಹೈಮ್ ಎಂಬ ಭೌತವಿಜ್ಞಾನಿಗಳ 1928ರ ಲೆಕ್ಕ ಹೇಳುವುದು ಅದನ್ನೇ. ಮೈಕ್ರಾನ್ ಗಾತ್ರದ ಕಣವೊಂದು ಅಂಟಿದ್ದರೆ ಆ ಸೆಳೆತದ ನೂರರಲ್ಲೊಂದು ಪಾಲಿಗೇ ಎಲೆಕ್ಟ್ರಾನ್ ಸೋರಿಕೆ ಶುರುವಾಗಬಹುದು. ಕಣ್ಣಿಗೆ ಹೊಳೆದರೆ ಸಾಲದು ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಮೊದಲು ವೋಲ್ಟೇಜ್ ಏರಿಸಿದಂತೆ ಜಿಗಿಯುತ್ತಿದ್ದ ಸೋರಿಕೆ ಕರೆಂಟ್ ಈಗ ಮೀಟರಿನಲ್ಲಿ ಕಾಣುತ್ತಲೇ ಇಲ್ಲ. ಅದರ ಜೊತೆ ಬರುತ್ತಿದ್ದ ಎಕ್ಸ್‌ರೇ ಕೂಡ ಇಳಿದಿದೆ, ನನಗೆ ಅದೇ ದೊಡ್ಡ ಸಮಾಧಾನ.

ಆದರೆ ಒಂದೇ ಪದರದ ಪ್ಲಾಸ್ಟಿಕ್ ಚೀಲ ಯಾಕೆ? ಎರಡು ಚೀಲವಿದ್ದು, ಹೊರಚೀಲ ಹೊರಗೆ, ಒಳಚೀಲ ಧೂಳುರಹಿತ ಕೋಣೆಯಲ್ಲಿ ಬಿಚ್ಚುವಂತಿರಬೇಕು. ಅದೊಂದನ್ನು ಸರಿಪಡಿಸಿದರೆ ಮುಂದಿನ ಜೋಡಿಯೂ ಇವರಿಗೇ.