ಮಡಿಕೇರಿಯಿಂದ ಸ್ಪಿತಿ ಪ್ಯಾಕೇಜ್: ಸಮಯ ಸರಿ, ದಿನ ಸಾಲದು

ಮಡಿಕೇರಿಯ ಟ್ರಾವೆಲ್ಸ್ ಒಂದು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕೋಮಿಕ್ ಹಳ್ಳಿಗೆ ಒಯ್ಯುವ ಪ್ಯಾಕೇಜಿನಲ್ಲಿ ಮೆಚ್ಚಬೇಕಾದ್ದು ಹೊರಡುವ ಸಮಯ: ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ಮೇಲೆ, ಸೆಪ್ಟೆಂಬರ್ ಮಧ್ಯದಲ್ಲಿ. ಆಗ ಮನಾಲಿಯಿಂದ ಸ್ಪಿತಿಗೆ ಹೋಗುವ ದಾರಿಯ ಕುಂಜುಂ ಘಾಟಿ ಸಾಮಾನ್ಯವಾಗಿ ತೆರೆದಿರುತ್ತದೆ, ಇಲ್ಲಿ ಕಾಫಿ ಕೊಯ್ಲೂ ಶುರುವಾಗಿರುವುದಿಲ್ಲ.

ಎಡವಟ್ಟಿರುವುದು ದಿನಗಳ ಲೆಕ್ಕದಲ್ಲಿ. ಮನಾಲಿಯಿಂದ ಒಂದೇ ದಿನಕ್ಕೆ ಸ್ಪಿತಿಯ ಮುಖ್ಯ ಊರು ಕಾಜಾ, ಮರುದಿನವೇ ಕೋಮಿಕ್‌ನಲ್ಲಿ ರಾತ್ರಿ. ಮನಾಲಿ ಸುಮಾರು 2,050 ಮೀಟರ್, ಕೋಮಿಕ್ ಹತ್ತಿರಹತ್ತಿರ 4,600. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟವನ್ನು ಸಲೀಸಾಗಿ ಹತ್ತುವವರೂ ಈ ಎತ್ತರವನ್ನು ಹಗುರವಾಗಿ ಕಾಣಬಾರದು, ತಡಿಯಂಡಮೋಳ್ 1,748 ಮೀಟರ್ ಅಷ್ಟೇ. ತಲೆನೋವು, ವಾಂತಿ, ನಿದ್ದೆಗೇಡು ಬರುವುದು ಕಡಿಮೆ ಆಮ್ಲಜನಕಕ್ಕೆ ದೇಹ ಒಗ್ಗದಿದ್ದಾಗ. ಕಾಲಿನ ಬಲ ಅಲ್ಲಿ ಲೆಕ್ಕಕ್ಕಿಲ್ಲ. ಹೋಗುವಾಗ ಕಿನ್ನೌರ್ ದಾರಿ ಹಿಡಿದು ಶಿಮ್ಲಾ, ಕಲ್ಪಾ, ತಾಬೊದಲ್ಲಿ ಒಂದೊಂದು ರಾತ್ರಿ, ಕಾಜಾದಲ್ಲಿ ಎರಡು ರಾತ್ರಿ ತಂಗಿಸಿ, ಕೋಮಿಕ್‌ಗೆ ಹಗಲು ಹೋಗಿಬರುವಂತೆ ಬದಲಿಸಿಕೊಡಿ ಎಂದು ಕೇಳಿ. ದುಡ್ಡು ಹೆಚ್ಚಾದರೂ ಸರಿಯೇ. ಕಾಜಾ ತಲುಪಿದ ಮೊದಲೆರಡು ದಿನ ಪೆಗ್ಗು ಬೇಡ (ನಮ್ಮವರಿಗೆ ಇದೇ ಕಷ್ಟದ ಷರತ್ತು). ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇರುವವರಂತೂ.

ಕಾಜಾದ ಎಟಿಎಂ ನೆಚ್ಚಿಕೊಳ್ಳದೆ ನಗದು ಒಯ್ಯಿರಿ. ಕಿನ್ನೌರ್ ದಾರಿಯಲ್ಲಿ ಗುಡ್ಡ ಕುಸಿಯುವುದುಂಟು, ವಾಪಸ್ ವಿಮಾನಕ್ಕೆ ಮುಂಚೆ ಒಂದು ದಿನ ಖಾಲಿ ಬಿಡಿಸಿಕೊಳ್ಳಿ. ಈಗಿನ ಪಟ್ಟಿಯಲ್ಲಿ ಅದೂ ಇಲ್ಲ.