ಅಗಲದ ಚಿತ್ರಕ್ಕೆ ಯಾವ ಪೆಟ್ಟಿಗೆ? ವಿಕಿಯಲ್ಲಿ ಎಲ್ಲ ದಾರಿಗಳನ್ನೂ ಹಿಡಿದು ನೋಡಿದೆ

ವಿಕಿಪೀಡಿಯದಂತೆ ಹಲವರು ಸೇರಿ ತಿದ್ದುವ ನಮ್ಮ ವಿಕಿಯಲ್ಲಿ ಪರ್ವತಸಾಲೊಂದರ ಲೇಖನವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಓದುತ್ತಿದ್ದೆ. ಟಚ್‌ಪ್ಯಾಡಿನ ಮೇಲೆ ಬೆರಳು ಸರಿಸಿದಾಗಲೆಲ್ಲ ಇಡೀ ಪುಟ ದೋಣಿಯಂತೆ ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ಬಲಕ್ಕೆ ಹೋದರೆ ಬರಿಯ ಬಿಳಿ ಬಯಲು, ಪಠ್ಯ ಎಲ್ಲೋ ಎಡಗಡೆ ಉಳಿದುಬಿಡುತ್ತಿತ್ತು. ಕಾರಣ ಹುಡುಕುತ್ತ ಕೆಳಗಿಳಿದರೆ ಸಿಕ್ಕಿದ್ದು ಒಂದೇ ಒಂದು ಚಿತ್ರ. ಶಿಖರಗಳ ಪನೋರಮಾ, 3,200 ಪಿಕ್ಸೆಲ್ ಅಗಲ, ಯಾವ ಪೆಟ್ಟಿಗೆಯೂ ಇಲ್ಲದೆ ಪುಟದಲ್ಲಿ ಹಾಗೇ ಬಿದ್ದುಕೊಂಡಿತ್ತು. ಅದೇ ಪುಟವನ್ನು ಮೊಬೈಲಿನಲ್ಲಿ ನೋಡಿದರೆ ಸಂಕಟ ತಿರುಗುಮುರುಗಾಗಿತ್ತು: ಮೊಬೈಲ್ ನೋಟ ಚಿತ್ರವನ್ನು ಪರದೆಯ ಅಗಲಕ್ಕೆ ಕುಗ್ಗಿಸಿ ಒಂದು ಪಟ್ಟಿಯಷ್ಟಾಗಿಸಿತ್ತು. ಪುಟದ ಇತಿಹಾಸ ತೆಗೆದು ನೋಡಿದೆ. ಸಂಪಾದನೆಯ ಸಾರಾಂಶದಲ್ಲಿ ‘ಚಿತ್ರ ತೀರಾ ಸಣ್ಣದಾಗಿತ್ತು, ದೊಡ್ಡದು ಮಾಡಿದ್ದೇನೆ’ ಎಂದಿತ್ತು. ಬರೆದವನು ನಾನೇ, ಎರಡು ವರ್ಷದ ಹಿಂದೆ.

ಮಾಡಿದ್ದನ್ನು ಸರಿಪಡಿಸುವಾಗಲಾದರೂ ತಿಳಿದು ಮಾಡೋಣವೆಂದು ಪ್ರಯೋಗಪುಟದಲ್ಲಿ ಕುಳಿತೆ. ವಿಕಿ ನಡೆಯುವುದು ಮೀಡಿಯಾವಿಕಿ ತಂತ್ರಾಂಶದ ಮೇಲೆ. ಮೂಲ ಚಿತ್ರ 12,000 ಪಿಕ್ಸೆಲ್ ಅಗಲ, 1,500 ಎತ್ತರ, ಅಂದರೆ ಎಂಟಕ್ಕೆ ಒಂದು. ಪುಟದ ಬಲಕ್ಕೆ ಉದ್ದನೆಯ ಮಾಹಿತಿಚೌಕ (ಮುಖ್ಯ ವಿವರಗಳನ್ನು ಪಟ್ಟಿ ಮಾಡುವ ಇನ್ಫೋಬಾಕ್ಸ್), ನಡುವೆ ಎರಡು ಪ್ಯಾರಾ, ಕೆಳಗೆ ಒಂದು ಕೋಷ್ಟಕ. ಬೇಕೆಂದೇ ಇಷ್ಟು ತೊಡಕು ಇಟ್ಟುಕೊಂಡೆ, ಏಕೆಂದರೆ ಖಾಲಿ ಪುಟದಲ್ಲಿ ಯಾವ ಉಪಾಯವೂ ಕೈಕೊಡುವುದಿಲ್ಲ. ಪ್ರತಿಯೊಂದನ್ನೂ ಸುಮಾರು 960 ಪಿಕ್ಸೆಲ್ ಅಗಲದ ಪಠ್ಯವಿರುವ ಲ್ಯಾಪ್‌ಟಾಪಿನಲ್ಲಿ, 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ, ಮುದ್ರಣದ ಮುನ್ನೋಟದಲ್ಲಿ ನೋಡಿದೆ. ಕೊನೆಗೆ ಮೌಸನ್ನು ಪಕ್ಕಕ್ಕಿಟ್ಟು ಕೀಲಿಮಣೆಯಿಂದಲೇ ಇನ್ನೊಮ್ಮೆ.

ಮೊದಲು ಎಲ್ಲರೂ ಮಾಡುವ ಥಂಬ್, ಅಂದರೆ ಪುಟದ ಬದಿಗಿಡುವ ಕಿರುಚಿತ್ರ. 250 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಎತ್ತರ 31 ಪಿಕ್ಸೆಲ್. ಹಿಮಶಿಖರಗಳು ಗೋಡೆಯ ಬಿರುಕಿನಂತೆ ಕಂಡವು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಎರಡನೆಯದು, ಚಿತ್ರವನ್ನು ಪಠ್ಯದ ಪೂರ್ತಿ ಅಗಲಕ್ಕೆ ಹರಡುವುದು. ಲ್ಯಾಪ್‌ಟಾಪಿನಲ್ಲಿ 960ಕ್ಕೆ 120. ಶಿಖರಗಳ ಸಾಲು ಒಂದೇ ನೋಟಕ್ಕೆ ಸಿಗುತ್ತದೆ, ಯಾವುದು ಎತ್ತರ ಯಾವುದು ಗಿಡ್ಡ ಎಂಬುದು ತಿಳಿಯುತ್ತದೆ, ಕ್ಲಿಕ್ಕಿಸಿದರೆ ದೊಡ್ಡ ಚಿತ್ರ ತೆರೆಯುತ್ತದೆ. ಪುಟ ಅಲುಗುವುದಿಲ್ಲ, ಮುದ್ರಣದಲ್ಲೂ ಪೂರ್ತಿ ಬರುತ್ತದೆ. ಮೊಬೈಲಿನಲ್ಲಿ ಮಾತ್ರ ಅಂಚು ಬಿಟ್ಟು ಉಳಿಯುವುದು 328 ಪಿಕ್ಸೆಲ್, ಎತ್ತರ 41. ಈ ದಾರಿಯನ್ನು ನಾನು ಮೊದಲಿನಿಂದಲೂ ಸೋಮಾರಿಗಳದೆಂದು ತಳ್ಳಿಹಾಕುತ್ತಿದ್ದೆ, ಅದು ನನ್ನ ತಪ್ಪು. ನಾಲ್ಕಕ್ಕೆ ಒಂದರವರೆಗಿನ ಚಿತ್ರಗಳಿಗೆ ಇದಕ್ಕಿಂತ ಮೇಲಾದುದಿಲ್ಲ: 960ಕ್ಕೆ 240 ಸಿಕ್ಕರೆ ಇನ್ನೇನು ಬೇಕು? ಸ್ಕ್ರಾಲ್ ಪೆಟ್ಟಿಗೆಯ ಮೋಹದಲ್ಲಿ ಮೂರಕ್ಕೆ ಒಂದರ ಚಿತ್ರಗಳನ್ನೂ ಅದರೊಳಗೆ ತುರುಕಿದವರನ್ನು ಕಂಡಿದ್ದೇನೆ. ಓದುಗನಿಗೆ ಅನಾಯಾಸವಾಗಿ ಕಾಣಬಹುದಾದದ್ದನ್ನು ಅವನ ಕೈಯಿಂದಲೇ ಎಳೆಸುವ ಕೆಲಸ ಅದು.

ಆದರೆ ಈ ದಾರಿಗೆ ಒಂದು ಕೊನೆಯಿದೆ. ಬೇಯೂ ಟ್ಯಾಪೆಸ್ಟ್ರಿ ಎಂಬ 11ನೆಯ ಶತಮಾನದ ಕಸೂತಿಪಟ ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಎತ್ತರ. ಅದನ್ನು ಇಡಿಯಾಗಿ 960 ಪಿಕ್ಸೆಲ್‌ಗೆ ಇಳಿಸಿದರೆ ಎತ್ತರ ಏಳು ಪಿಕ್ಸೆಲ್ ಆಗುತ್ತದೆ. ಕುದುರೆ, ಹಡಗು, ಯುದ್ಧ ಎಲ್ಲ ಸೇರಿ ಏಳು ಪಿಕ್ಸೆಲ್.

ಹಾಗಾಗಿ ಮೂರನೆಯದಕ್ಕೆ ಬಂದೆ: ಸ್ಕ್ರಾಲ್ ಪೆಟ್ಟಿಗೆ. ಚಿತ್ರಕ್ಕೆ ಬೇಕಾದ ಎತ್ತರ ಕೊಟ್ಟು, ಸುತ್ತ ಒಂದು ಪೆಟ್ಟಿಗೆ ಕಟ್ಟಿ, ಹೆಚ್ಚಾದದ್ದನ್ನು ಪೆಟ್ಟಿಗೆಯೊಳಗೇ ಸರಿಸಿ ನೋಡುವಂತೆ ಮಾಡುವುದು. ಪುಟದ ರೂಪ ಹೇಳುವ ಸಿಎಸ್‌ಎಸ್ ಕೋಡಿನಲ್ಲಿ ಓವರ್‌ಫ್ಲೋ ಎಂಬ ಗುಣಕ್ಕೆ ಆಟೋ (ಬೇಕಾದಾಗ ಸ್ಕ್ರಾಲ್‌ಪಟ್ಟಿ ತೋರಿಸು) ಎಂಬ ಬೆಲೆ ಕೊಟ್ಟರೆ ಮುಗಿಯಿತು ಎನ್ನುತ್ತಾರೆ. ನನಗೆ ಅದು ಮುಗಿಯಲು ಮೂರು ಸಂಜೆ ಹಿಡಿಯಿತು.

ಮೊದಲನೆಯ ಸಂಜೆ ಹೋದದ್ದು ಒಂದು ಪುಟಾಣಿ ಸ್ಕ್ರಾಲ್‌ಪಟ್ಟಿಯ ಹಿಂದೆ. ಚಿತ್ರ 400 ಪಿಕ್ಸೆಲ್ ಎತ್ತರ, ಪೆಟ್ಟಿಗೆಯೂ 400. ಲೆಕ್ಕ ಸರಿಯಾಗಿಯೇ ಇದೆ, ಆದರೂ ಬಲ ಅಂಚಿನಲ್ಲಿ ಮೇಲೆ ಕೆಳಗೆ ಸರಿಯುವ ಎರಡನೆಯ ಪಟ್ಟಿ. ಮೌಸಿನ ಚಕ್ರ ತಿರುಗಿಸಿ ಪುಟ ಇಳಿಸುತ್ತಿದ್ದವನು ಈ ಪೆಟ್ಟಿಗೆಯ ಮೇಲೆ ಬಂದೊಡನೆ ಎಡವುತ್ತಾನೆ: ಮೊದಲು ಚಿತ್ರ ಹದಿನೈದು ಪಿಕ್ಸೆಲ್ ಮೇಲೇರುತ್ತದೆ, ಆಮೇಲೆ ಪುಟ ಚಲಿಸುತ್ತದೆ. ಕಾರಣ ಹೊಳೆದಾಗ ನಗು ಬಂತು. ಅಡ್ಡ ಸ್ಕ್ರಾಲ್‌ಪಟ್ಟಿ ಪೆಟ್ಟಿಗೆಯ ಒಳಗಿನ ಜಾಗದಲ್ಲೇ ಕೂರುತ್ತದೆ, ಆ ಹದಿನೈದು ಚಿಲ್ಲರೆ ಪಿಕ್ಸೆಲ್ ಚಿತ್ರಕ್ಕೆ ಕೊರತೆಯಾಗುತ್ತದೆ. ಜೊತೆಗೆ ಬ್ರೌಸರ್ ಚಿತ್ರವನ್ನು ಸಾಲಿನಲ್ಲಿರುವ ಒಂದು ಅಕ್ಷರದಂತೆ ಕೂರಿಸುವುದರಿಂದ ಕೆಳಗೆ ಒತ್ತಕ್ಷರಕ್ಕೆಂಬಂತೆ ಒಂದಿಷ್ಟು ಸಂದು ಉಳಿಯುತ್ತದೆ. ಅಡ್ಡಕ್ಕೆ ಮಾತ್ರ ಸ್ಕ್ರಾಲ್ ಕೇಳಿದರೂ ಪ್ರಯೋಜನವಿಲ್ಲ, ಒಂದು ದಿಕ್ಕಿಗೆ ಆಟೋ ಎಂದರೆ ಇನ್ನೊಂದು ದಿಕ್ಕೂ ತಾನಾಗಿ ಆಟೋ ಆಗುತ್ತದೆ. ಪರಿಹಾರವೆಂದರೆ ಪೆಟ್ಟಿಗೆಗೆ ಎತ್ತರವನ್ನೇ ಕೊಡದಿರುವುದು. ಎತ್ತರ ಚಿತ್ರದ್ದು, ಪೆಟ್ಟಿಗೆಗೆ ಅಗಲವೊಂದೇ ಸಾಕು.

ಎರಡನೆಯ ಸಂಜೆಯದು ಮಾಹಿತಿಚೌಕ. ಬಲಕ್ಕೆ ತೇಲಿಬಿಟ್ಟ ಚೌಕದ ಪಕ್ಕದಲ್ಲಿ ಪಠ್ಯ ಸುತ್ತಿಕೊಂಡು ಹರಿಯುತ್ತದೆ, ಸ್ಕ್ರಾಲ್ ಪೆಟ್ಟಿಗೆ ಹಾಗೆ ಹರಿಯುವುದಿಲ್ಲ. ಪೆಟ್ಟಿಗೆಗೆ ನೂರು ಶೇಕಡಾ ಅಗಲ ಎಂದು ಬರೆದರೆ ಅದು ಚೌಕ ಮುಗಿಯುವವರೆಗೂ ಕೆಳಗೆ ಜಾರಿ ಕೂರುತ್ತದೆ, ನಡುವೆ ಅಂಗೈಯಗಲ ಖಾಲಿ ಜಾಗ. ಅಗಲವನ್ನು ಹೇಳದೆ ಬಿಟ್ಟರೆ ಚೌಕದ ಪಕ್ಕದಲ್ಲಿ ಉಳಿದಷ್ಟು ಜಾಗಕ್ಕೆ ತಾನೇ ಹೊಂದಿಕೊಳ್ಳುತ್ತದೆ. ನನಗೆ ಅದೂ ಇಷ್ಟವಾಗಲಿಲ್ಲ, ಇಣುಕುಕಿಂಡಿಯಿಂದ ಪರ್ವತ ನೋಡಿದಂತಿತ್ತು. ಚಿತ್ರವನ್ನೇ ಚೌಕ ಮುಗಿದ ಮೇಲಿನ ವಿಭಾಗಕ್ಕೆ ಇಳಿಸಿದೆ. ಇದಕ್ಕೆ ಕೋಡಿಗಿಂತ ಪುಟದ ಜೋಡಣೆಯೇ ಮದ್ದು.

ಮೂರನೆಯ ಸಂಜೆಯದು ಕೋಷ್ಟಕ, ಇದೇ ಎಲ್ಲಕ್ಕಿಂತ ಕೆಟ್ಟದ್ದು. ಪೆಟ್ಟಿಗೆಯನ್ನು ಕೋಷ್ಟಕದ ಕೋಣೆಯೊಳಗೆ ಇಟ್ಟೆನೋ ಇಲ್ಲವೋ, ಪುಟ ಮತ್ತೆ ಮೊದಲಿನಂತೆ ಓಲಾಡತೊಡಗಿತು. ಕೋಷ್ಟಕದ ಸ್ವಭಾವವೇ ಹಾಗೆ, ಒಳಗಿನ ಸರಕು ಎಷ್ಟು ಅಗಲವೋ ಅಷ್ಟು ತಾನೂ ಹಿಗ್ಗುತ್ತದೆ. ಪೆಟ್ಟಿಗೆ ಸ್ಕ್ರಾಲ್ ಮಾಡಲು ಸಿದ್ಧವಿದ್ದರೂ ಅದನ್ನು ಕುಗ್ಗಿಸುವವರೇ ಇಲ್ಲ. ಕೋಷ್ಟಕಕ್ಕೆ ನಿಶ್ಚಿತ ವಿನ್ಯಾಸವನ್ನೂ ಅಗಲವನ್ನೂ ಕೊಟ್ಟರೆ ಸರಿಹೋಗುತ್ತದೆ. ಅಂಶಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವ ಫ್ಲೆಕ್ಸ್ ವಿನ್ಯಾಸದಲ್ಲೂ ಇದೇ ರೋಗ, ಅಲ್ಲಿ ಪೆಟ್ಟಿಗೆಯನ್ನು ಹೊತ್ತ ಹೊರ ಅಂಶಕ್ಕೆ ಕನಿಷ್ಠ ಅಗಲ ಸೊನ್ನೆ ಎಂದು ಬರೆಯಬೇಕು. ಈ ಒಂದು ಸಾಲು ತಿಳಿಯದೆ ಹಿಂದೆ ಬೇರೊಂದು ಮುಖಪುಟದಲ್ಲಿ ಅರ್ಧ ದಿನ ಕಳೆದಿದ್ದೇನೆ.

ಇಷ್ಟೆಲ್ಲ ಗೆದ್ದು ಮೊಬೈಲ್ ತೆಗೆದರೆ ಪೆಟ್ಟಿಗೆ ಇದೆ, ಸ್ಕ್ರಾಲ್ ಇಲ್ಲ. ಚಿತ್ರ ಮತ್ತೆ 41 ಪಿಕ್ಸೆಲ್‌ನ ಪಟ್ಟಿ. ಯಾವ ಚಿತ್ರವೂ ತನ್ನ ಜಾಗಕ್ಕಿಂತ ಅಗಲವಾಗಕೂಡದು ಎಂಬ ನಿಯಮ ಮೊಬೈಲ್ ನೋಟದಲ್ಲಿದೆ. ಸಾಮಾನ್ಯ ಚಿತ್ರಗಳನ್ನು ಕಾಯುವ ಆ ನಿಯಮ ನನ್ನ ಪೆಟ್ಟಿಗೆಯೊಳಕ್ಕೂ ಕೈಹಾಕಿ ಚಿತ್ರವನ್ನು ಕುಗ್ಗಿಸಿತ್ತು. ಹಟಕ್ಕೆ ಬಿದ್ದು ಚಿತ್ರದ ಎತ್ತರವನ್ನು 400ಕ್ಕೆ ಬಿಗಿದೆ. ಆಗ ಅಗಲ 328, ಎತ್ತರ 400 ಆಗಿ ಶಿಖರಗಳೆಲ್ಲ ಹಿಂಡಿಕೊಂಡು ಮೊಳೆಗಳ ಸಾಲಿನಂತೆ ನಿಂತವು. ನಿಜವಾದ ಪರಿಹಾರ ಒಂದು ಪದ. ಪೆಟ್ಟಿಗೆಗೆ ಕೋಡಿನಲ್ಲಿ ‘ನೋರೀಸೈಜ್’ ಎಂಬ ಕ್ಲಾಸ್ ಹೆಸರು ಕೊಟ್ಟರೆ ವಿಕಿಪೀಡಿಯದ ಮೊಬೈಲ್ ನೋಟವಾದ ಮಿನರ್ವಾ ಅದರೊಳಗಿನ ಚಿತ್ರವನ್ನು ಕುಗ್ಗಿಸದೆ ಬಿಡುತ್ತದೆ. ನಮ್ಮ ವಿಕಿಯಲ್ಲೂ ಅದೇ ಕೆಲಸ ಮಾಡಿತು.

ಎತ್ತರದ ಬಗ್ಗೆಯೂ ಒಂದು ಮಾತು. 400 ಎತ್ತರವಾದರೆ ಅಗಲ 3,200. ದುಪ್ಪಟ್ಟು ಸಾಂದ್ರತೆಯ ಪರದೆ ಅದೇ ಚಿತ್ರದ 6,400ಕ್ಕೆ 800ರ ಪ್ರತಿಯನ್ನು ಕೇಳುತ್ತದೆ, ಅಂದರೆ ಪಿಕ್ಸೆಲ್‌ಗಳು ನಾಲ್ಕು ಪಟ್ಟು, 51 ಲಕ್ಷಕ್ಕೂ ಹೆಚ್ಚು. ಓದುಗ ಸ್ಕ್ರಾಲ್ ಮಾಡದಿದ್ದರೂ ಪೂರ್ತಿ ಕಡತ ಇಳಿಯುತ್ತದೆ. ನಾನು 300ಕ್ಕೆ ಇಳಿದೆ. ಮೊಬೈಲನ್ನು ಅಡ್ಡ ಹಿಡಿದಾಗಲೂ ಅದು ಪರದೆಯೊಳಗೆ ನಿಲ್ಲುತ್ತದೆ, 400 ನಿಲ್ಲುವುದಿಲ್ಲ.

ಸ್ಕ್ರಾಲ್ ಪೆಟ್ಟಿಗೆಯನ್ನು ಕೈಯಿಂದ ಬರೆಯಬೇಕೋ, ಸಿದ್ಧ ಟೆಂಪ್ಲೇಟು (ಹೆಸರು ಹಿಡಿದು ಕರೆದರೆ ಪುಟದಲ್ಲಿ ಬಂದು ಕೂರುವ ಅಚ್ಚು) ಬಳಸಬೇಕೋ? ಒಬ್ಬನೇ ನಡೆಸುವ ತಾಣವಾದರೆ ಹೇಗಾದರೂ ಆಗುತ್ತದೆ. ಹತ್ತಾರು ಜನ ತಿದ್ದುವ ಪುಟದಲ್ಲಿ ಕೈಯಿಂದ ಬರೆದ ಕೋಡು ಬಾಳುವುದಿಲ್ಲ. ಮುಂದೆ ಬಂದವರು ‘ಇದೇನೋ ಕಸ’ ಎಂದು ಅರ್ಧ ಸಾಲು ಅಳಿಸುತ್ತಾರೆ, ಉಳಿದರ್ಧ ಇನ್ನೊಂದು ಪುಟಕ್ಕೆ ನಕಲಾಗಿ ಹೋಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿರುವ ವೈಡ್ ಇಮೇಜ್ ಟೆಂಪ್ಲೇಟಿಗೆ ಕಡತದ ಹೆಸರು, ಅಗಲ, ಅಡಿಬರಹ ಕೊಟ್ಟರೆ ಸಾಕು, ಬೇಕಿದ್ದರೆ ಪೆಟ್ಟಿಗೆಯ ಅಗಲವನ್ನೂ ಹೇಳಬಹುದು. ಬಲದಿಂದ ಎಡಕ್ಕೆ ನೋಡಬೇಕಾದ ಚಿತ್ರವನ್ನು ಬಲತುದಿಯಿಂದಲೇ ಆರಂಭಿಸುವ ಸೌಲಭ್ಯವೂ ಅದರಲ್ಲಿದೆ. ನಾಳೆ ಮೊಬೈಲ್ ನೋಟ ಬದಲಾದರೆ ಒಂದೇ ಕಡೆ ತಿದ್ದಿದರಾಯಿತು. ಅದು ಕೇಳುವುದು ಎತ್ತರವನ್ನಲ್ಲ, ಅಗಲವನ್ನು, ಹೀಗಾಗಿ ಪ್ರತಿ ಬಾರಿಯೂ ಗುಣಾಕಾರ ಮಾಡಬೇಕು. ಇನ್ನೊಂದು ವಿಕಿಗೆ ತರುವಾಗ ಅದು ನೆಚ್ಚಿಕೊಂಡಿರುವ ಉಪಟೆಂಪ್ಲೇಟುಗಳನ್ನೂ ಅದರ ಸಿಎಸ್‌ಎಸ್ ಇರುವ ಶೈಲಿಪುಟವನ್ನೂ ಜೊತೆಗೇ ತರಬೇಕು. ನಾನು ಮೊದಲ ಸಲ ಟೆಂಪ್ಲೇಟನ್ನಷ್ಟೇ ನಕಲಿಸಿ ತಂದೆ, ಚಿತ್ರದ ಜಾಗದಲ್ಲಿ ‘ಈ ಪುಟವಿಲ್ಲ’ ಎನ್ನುವ ಕೆಂಪು ಕೊಂಡಿಗಳು ಸಾಲುಗಟ್ಟಿದವು.

ನಾಲ್ಕನೆಯ ದಾರಿ, ಕತ್ತರಿಸುವುದು. 3,000ಕ್ಕೆ 1,500ರ ನಾಲ್ಕು ತುಂಡು ಮಾಡಿ ಗ್ಯಾಲರಿಯಲ್ಲಿಟ್ಟೆ. ಮೊಬೈಲಿನಲ್ಲಿ ಒಂದರ ಕೆಳಗೊಂದು ನಿಂತಾಗ ಪ್ರತಿಯೊಂದೂ 328ಕ್ಕೆ 164, ಪಕ್ಕಕ್ಕೆ ಸರಿಸದೆ ನೋಡುವ ದಾರಿಗಳಲ್ಲಿ ಸ್ಪಷ್ಟತೆಗೆ ಇದೇ ಮೇಲಾಯಿತು. ಆದರೆ ಎರಡನೆಯ ಗೆರೆ ಸರಿಯಾಗಿ ಒಂದು ಶಿಖರದ ನೆತ್ತಿಯ ಮೇಲೆ ಬಿದ್ದಿತ್ತು, ಪರ್ವತ ಎರಡು ಸಾಲಿಗೆ ಹಂಚಿಹೋಯಿತು. ಒಂದು ಕಡತದ ಬದಲು ನಾಲ್ಕಕ್ಕೂ ಪರವಾನಗಿ, ಮೂಲ ಛಾಯಾಗ್ರಾಹಕರ ಹೆಸರು, ವಿವರಣೆ ಬರೆಯುವ ಕೆಲಸ ಬೇರೆ. ಕಸೂತಿಪಟದಂತೆ ದೃಶ್ಯ ದೃಶ್ಯವಾಗಿ ಕಥೆ ಹೇಳುವ ಚಿತ್ರಕ್ಕೆ ಇದೇ ಸರಿ, ಅಲ್ಲಿ ಎರಡು ದೃಶ್ಯಗಳ ನಡುವೆ ಕತ್ತರಿ ಆಡಿಸಲು ಜಾಗವಿದೆ. ಪರ್ವತಸಾಲಿಗೆ ಅಂಥ ಜಾಗವಿಲ್ಲ.

ಐದನೆಯದು ಸುತ್ತಲೂ ತಿರುಗಿಸಿ ನೋಡುವ ವೀಕ್ಷಕ, ಬ್ರೌಸರಿನಲ್ಲೇ ನಡೆಯುವ ಪ್ಯಾನೆಲ್ಲಮ್ ಎಂಬ ತಂತ್ರಾಂಶದ ಮಾದರಿಯದು. ಪೂರ್ತಿ 360 ಡಿಗ್ರಿಯ ಚಿತ್ರವಾದರೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಲೇಖನದ ಪಠ್ಯದೊಳಗೆ ಸ್ಕ್ರಿಪ್ಟ್ ಬರೆಯಲು ವಿಕಿ ಬಿಡುವುದಿಲ್ಲವಾದ್ದರಿಂದ ಕೊಂಡಿ ಕೊಟ್ಟು ಓದುಗನನ್ನು ಪುಟದಿಂದ ಆಚೆ ಕಳಿಸಬೇಕು. ನನ್ನ ಅರ್ಧ ಸುತ್ತಿನ ಚಿತ್ರಕ್ಕೆ ಅಷ್ಟು ಸಂಭ್ರಮ ಬೇಕಿರಲಿಲ್ಲ.

ಆಯ್ಕೆ ಹೀಗೆ ಸ್ಕ್ರಾಲ್ ಪೆಟ್ಟಿಗೆಯ ಟೆಂಪ್ಲೇಟಿಗೆ ಬಂದು ನಿಂತಿತು, ಅದರ ಮೇಲೆ ಇನ್ನೂ ಸ್ವಲ್ಪ ಕೆಲಸ ಉಳಿದಿತ್ತು. ಮೊಬೈಲಿನಲ್ಲಿ ಸ್ಕ್ರಾಲ್‌ಪಟ್ಟಿ ಮುಟ್ಟುವವರೆಗೂ ಕಾಣುವುದಿಲ್ಲ. ಪೆಟ್ಟಿಗೆಯ ಅಂಚು ಎರಡು ಪರ್ವತಗಳ ನಡುವಿನ ಬರಿಯ ಆಕಾಶಕ್ಕೆ ಸರಿಯಾಗಿ ಕೊನೆಗೊಂಡರೆ ಚಿತ್ರ ಅಲ್ಲಿಗೇ ಮುಗಿದಂತೆ ತೋರುತ್ತದೆ. ಅಡಿಬರಹದ ಮೊದಲಿಗೇ ‘ಪಕ್ಕಕ್ಕೆ ಸರಿಸಿ ನೋಡಿ’ ಎಂದು ಬರೆದೆ. ಕೀಲಿಮಣೆಯವರ ಕಷ್ಟ ಬೇರೆ. ಟ್ಯಾಬ್ ಒತ್ತುತ್ತ ಬಂದವರಿಗೆ ಪೆಟ್ಟಿಗೆಯ ಮೇಲೆ ನಿಲ್ಲಲು ಸಿಗದಿದ್ದರೆ ಬಾಣದ ಕೀಲಿಗಳಿಂದ ಅದನ್ನು ಸರಿಸಲಾಗದು. ಫೈರ್‌ಫಾಕ್ಸ್ ಇಂಥ ಪೆಟ್ಟಿಗೆಗಳ ಮೇಲೆ ತಾನಾಗಿ ನಿಲ್ಲುತ್ತದೆ, ಎಲ್ಲ ಬ್ರೌಸರ್‌ಗಳನ್ನೂ ಹಾಗೆ ನಂಬುವಂತಿಲ್ಲ. ಪೆಟ್ಟಿಗೆಯ ಕೋಡಿನಲ್ಲಿ ಟ್ಯಾಬ್‌ಇಂಡೆಕ್ಸ್ (ಟ್ಯಾಬ್ ಕೀಲಿ ಅಲ್ಲಿ ನಿಲ್ಲಬೇಕೇ ಎಂಬುದನ್ನು ಹೇಳುವ ಗುಣ) ಸೊನ್ನೆ ಎಂದು ಬರೆದರೆ ಎಲ್ಲದರಲ್ಲೂ ನಡೆಯುತ್ತದೆ. ಮೀಡಿಯಾವಿಕಿ ಒಪ್ಪುವುದೂ ಆ ಸೊನ್ನೆಯನ್ನು ಮಾತ್ರ, ಬೇರೆ ಸಂಖ್ಯೆ ಬರೆದರೆ ಸದ್ದಿಲ್ಲದೆ ಕಿತ್ತುಹಾಕುತ್ತದೆ.

ಮುದ್ರಣದಲ್ಲಿ ಸ್ಕ್ರಾಲ್ ಪೆಟ್ಟಿಗೆ ಸೋಲುತ್ತದೆ. ಕಾಗದವನ್ನು ಯಾರೂ ಪಕ್ಕಕ್ಕೆ ಸರಿಸಲಾರರು, ಎಡತುದಿಯ ಒಂದೆರಡು ಶಿಖರ ಬಂದು ಉಳಿದದ್ದು ಕತ್ತರಿಸಿಹೋಗುತ್ತದೆ. ಮುದ್ರಣಕ್ಕೆಂದೇ ಶೈಲಿಪುಟದಲ್ಲಿ ಪ್ರತ್ಯೇಕ ನಿಯಮ ಬರೆದು, ಅಲ್ಲಿ ಮಾತ್ರ ಚಿತ್ರ ಕಾಗದದ ಅಗಲಕ್ಕೆ ಕುಗ್ಗುವಂತೆ ಮಾಡಿದೆ. ಕೊನೆಗೆ ಕಾಗದದ ಮೇಲೆ ಗೆದ್ದದ್ದು ನಾನು ಸೋಮಾರಿಗಳದೆಂದು ತಳ್ಳಿದ್ದ ಎರಡನೆಯ ದಾರಿಯೇ.

ಬದಲಾವಣೆಯನ್ನು ಉಳಿಸುವ ಮೊದಲು ಸಾರಾಂಶದ ಕಿಟಕಿಯಲ್ಲಿ ಈ ಸಲ ಹೀಗೆ ಬರೆದೆ: ‘ಪನೋರಮಾವನ್ನು ಟೆಂಪ್ಲೇಟಿಗೆ ಹಾಕಿದ್ದೇನೆ, ಎತ್ತರ 300. ದಯವಿಟ್ಟು ಕೋಷ್ಟಕದೊಳಗೆ ಇಡಬೇಡಿ.’